ಅರ್ಧ ಮಾತ್ರೆಯ ಮನೆ

ಆ ಮನೆಯಲ್ಲಿ ಸೋಪು ಒಂದು, ಬಾಚಣಿಗೆ ಒಂದು, ಛತ್ರಿ ಒಂದು. ಮಳೆ ಬಂದ ದಿನ ಒಬ್ಬರು ಹೊರಗೆ ಹೋಗಿ ಬರುವ ತನಕ ಉಳಿದವರು ಕಿಟಕಿಯಲ್ಲಿ ನಿಂತು ದಾರಿ ಕಾಯಬೇಕು. ಇದನ್ನು ಯಾರಾದರೂ ಜಿಪುಣತನ ಎಂದರೆ ಅತ್ತೆ ಸುಮ್ಮನೆ ಬಿಡುತ್ತಿರಲಿಲ್ಲ. ಜಿಪುಣರು ಬಚ್ಚಿಡುತ್ತಾರೆ, ನಾವು ಹಂಚಿಕೊಳ್ಳುತ್ತೇವೆ, ಅಷ್ಟೂ ತಿಳಿಯದ ತಲೆ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನು ಹೀಗೆ ಹಂಚಿ ಹಂಚಿಯೇ ದಡ ಸೇರಿಸಿದ ಹೆಂಗಸು ಅವರು. ಒಬ್ಬನ ಶರ್ಟು ಇನ್ನೊಬ್ಬನಿಗೆ, ಒಬ್ಬನ ಪುಸ್ತಕ ಇನ್ನೊಬ್ಬನಿಗೆ, ಕೈಗೆ ಸಿಕ್ಕವನು ತಪ್ಪಿಸಿಕೊಂಡರೆ ಅವನ ಪೆಟ್ಟೂ ಇನ್ನೊಬ್ಬನಿಗೇ. ಹಾಗಾಗಿ ಹಂಚುವ ವಿಷಯದಲ್ಲಿ ಅವರ ಮಾತಿಗೆ ಆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಮನೆ ಮೇಲೆ, ಕೆಳಗೆ ಬೋರ್ಡ್ ಬರೆಯುವ ಅಂಗಡಿ. ಹಿರಿಮಗ ಆರ್ಡರ್ ಹಿಡಿದು ತಗಡು ಕತ್ತರಿಸುತ್ತಿದ್ದ, ಕಿರಿಮಗ ಚೌಕಟ್ಟು ಹೊಡೆದು ಬಣ್ಣದ ಹಿನ್ನೆಲೆ ಬಳಿಯುತ್ತಿದ್ದ. ಆದರೆ ಅಂಗಡಿಗೆ ಜನ ಬರುತ್ತಿದ್ದದ್ದು ಕಿರಿಸೊಸೆಯ ಕೈಗಾಗಿ. ಅಪ್ಪನ ಹತ್ತಿರ ಬ್ರಷ್ ಹಿಡಿಯಲು ಕಲಿತು ಬಂದವಳು. ಕೈಗೆ ಆಸರೆಯ ಕೋಲಿಲ್ಲದೆ, ಸುಣ್ಣದ ದಾರ ಹೊಡೆಯದೆ, ಆ ಗೋಡೆಯಿಂದ ಈ ಗೋಡೆಗೆ ಒಂದೇ ಉಸಿರಿಗೆ ಗೆರೆ ಎಳೆಯುವವಳು. ಬೀದಿಯವರು ಅವಳನ್ನು ಗೆರೆಯಮ್ಮ ಎಂದೇ ಕರೆಯುತ್ತಿದ್ದರು. ಅವಳು ಬರೆದ ಸೊನ್ನೆಯನ್ನು ನೋಡಲೆಂದೇ ದಾರಿಹೋಕರು ನಿಲ್ಲುತ್ತಿದ್ದರೆಂದರೆ ಸ್ವಲ್ಪ ಹೆಚ್ಚಾಯಿತು. ಆದರೆ ಗೆರೆಯಮ್ಮ ಹಾಗೆ ನಂಬಿದ್ದಳು, ಅವಳ ನಂಬಿಕೆಯನ್ನು ಕೆಡಿಸಲು ನಾವು ಯಾರು?

ಕಾಯಿಲೆಯ ಖಾತೆಯೂ ಅತ್ತೆಯದೇ. ಅವರಿಗೆ ಸಕ್ಕರೆ ಕಾಯಿಲೆ ಬಂದು ಯಾವ ಕಾಲವಾಯಿತೋ. ಮೊದಲು ಮಾತ್ರೆ, ಈಗ ಇನ್ಸುಲಿನ್. ಇಷ್ಟು ವರ್ಷ ಕಾಯಿಲೆಯ ಜೊತೆ ಸಂಸಾರ ಮಾಡಿದ ಮೇಲೆ ತಾವೇ ಅರ್ಧ ಡಾಕ್ಟರು ಎಂಬ ಭಾವನೆ ಅವರಲ್ಲಿ ಗಟ್ಟಿಯಾಗಿ ಕೂತಿತ್ತು. ಮನೆಯ ಔಷಧಿಯೆಲ್ಲ ಅವರ ಮಂಚದ ಪಕ್ಕದ ಸ್ಟೀಲ್ ಡಬ್ಬಿಯಲ್ಲಿ. ತಲೆನೋವೆಂದರೂ ಅಲ್ಲಿಗೇ ಹೋಗಿ ಕೈ ಚಾಚಬೇಕು.

ಅವರ ಅರ್ಧ ಡಾಕ್ಟರಿಕೆಯನ್ನು ಪೂರ್ತಿ ಹೀಯಾಳಿಸುವಂತೆಯೂ ಇರಲಿಲ್ಲ. ಹಿಂದಿನ ವರ್ಷ ಹಿರಿಸೊಸೆ ಮಂಕಾಗಿದ್ದಳು. ಮೆಟ್ಟಿಲ ಮೇಲೆ ಕೂತಲ್ಲೇ ನಿದ್ದೆ, ಮುಖ ಊದಿಕೊಂಡಿತ್ತು, ಕೂದಲು ಉದುರುತ್ತಿತ್ತು, ಬೇಸಿಗೆಯಲ್ಲೂ ಹೊದ್ದುಕೊಂಡು ಕೂರುತ್ತಿದ್ದಳು. ಅವಳ ಗಂಡ ಸೋಮಾರಿ ಎಂದ. ಅತ್ತೆ ಮಾತ್ರ ಸೊಸೆಯ ಕೈಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾಯಿತು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ. ಕೆಲವು ತಿಂಗಳಲ್ಲಿ ಹಿರಿಸೊಸೆ ಎದ್ದು ಓಡಾಡಿದಳು, ನಕ್ಕಳು, ಗಂಡನಿಗೆ ತಿರುಗಿ ಮಾತಾಡಿದಳು. ಅಂದಿನಿಂದ ಆ ಮಾತ್ರೆಯ ಮೇಲೆ ಅತ್ತೆಗೆ ಹುಟ್ಟಿದ ಭಕ್ತಿ ಅಷ್ಟಿಷ್ಟಲ್ಲ.

ಈ ವರ್ಷ ಗೆರೆಯಮ್ಮನ ಸರದಿ. ಇವಳದು ಬೇರೆಯೇ ತರಹ. ಎರಡು ತಟ್ಟೆ ಊಟ ಮಾಡಿದರೂ ಬಟ್ಟೆ ಸಡಿಲವಾಗುತ್ತ ಬಂತು. ಎಲ್ಲರಿಗೂ ಚಳಿಯಾದರೆ ಇವಳಿಗೆ ಬೆವರು. ನಿದ್ದೆ ಹತ್ತುತ್ತಿರಲಿಲ್ಲ, ಕೂತರೆ ಕಾಲು ಕುಣಿಯುತ್ತಿತ್ತು, ಕಣ್ಣು ಯಾರನ್ನೋ ಗದರಿಸುವಂತೆ ಅಗಲವಾಗಿ ತೆರೆದುಕೊಂಡಿತ್ತು. ಕುತ್ತಿಗೆಯ ಮುಂದೆ ಸಣ್ಣ ಊತ. ಒಂದು ಸಂಜೆ ಅತ್ತೆಯ ಸೂಜಿ ತರಲು ಹೋದಾಗ ಔಷಧಿ ಅಂಗಡಿಯವನು ಅವಳ ಕುತ್ತಿಗೆ ನೋಡಿ, "ಥೈರಾಯ್ಡ್ ಇರ್ಬೇಕು ಕಣಮ್ಮ, ಒಂದ್ಸಲ ಟೆಸ್ಟ್ ಮಾಡಿಸ್ಕೊಂಡ್ಬಿಡಿ" ಎಂದ. ಅವಳು ಮನೆಗೆ ಬಂದು ಅದನ್ನೇ ಹೇಳಿದಳು. ಅತ್ತೆ ಮೊದಲ ಮಾತು ಕೇಳಿಸಿಕೊಂಡು ಎರಡನೆಯದಕ್ಕೆ ಕಾಯಲಿಲ್ಲ.

"ಥೈರಾಯ್ಡಾ? ಅದು ಮನೇಲೇ ಇದೆಯಲ್ಲೇ!" ಎಂದರು, ಕಳೆದುಹೋದ ಕತ್ತರಿ ಸಿಕ್ಕಷ್ಟು ಖುಷಿಯಿಂದ. "ಇದಕ್ಕೊಂದು ಟೆಸ್ಟು, ಅದಕ್ಕೊಬ್ಬ ಡಾಕ್ಟ್ರು ಯಾಕೆ? ಅಕ್ಕಂಗೆ ಬಂದಿದ್ದೇ ನಿಂಗೂ ಬಂದಿದೆ. ಅದೇ ಮಾತ್ರೆ ಇಬ್ರೂ ತಗೊಳ್ಳಿ."

ಮರುದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಚಾಕು ತೆಗೆದುಕೊಂಡು ಹಿರಿಸೊಸೆಯ ಮಾತ್ರೆಯನ್ನು ಎರಡು ಮಾಡಿ, ಅರ್ಧ ಅವಳಿಗೆ, ಅರ್ಧ ಇವಳಿಗೆ. ಪುಡಿಯಾಗಿ ಉಳಿದದ್ದನ್ನೂ ಬೆರಳಿಗೆ ಒತ್ತಿ ಇಬ್ಬರ ನಾಲಿಗೆಗೂ ತಾಕಿಸುತ್ತಿದ್ದರು. ಅನ್ಯಾಯ ಆಗಬಾರದಲ್ಲ!

ತಿಂಗಳು ಕಳೆಯುವಷ್ಟರಲ್ಲಿ ಮನೆಯ ಚಿತ್ರ ನೋಡುವಂತಿತ್ತು. ಹಿರಿಸೊಸೆ ಮತ್ತೆ ಮೆಟ್ಟಿಲ ಮೇಲೆ ತೂಕಡಿಸಲು ಶುರು ಮಾಡಿದಳು. ಕಿರಿಸೊಸೆ ಅದೇ ಮೆಟ್ಟಿಲನ್ನು ಹತ್ತಲಾರದೆ ನಡುವೆ ನಿಂತು ಎದೆ ಹಿಡಿದುಕೊಳ್ಳುತ್ತಿದ್ದಳು. ಒಬ್ಬಳು ಮಾತಿನ ಮಧ್ಯೆ ನಿದ್ದೆ ಹೋದರೆ ಇನ್ನೊಬ್ಬಳು ಎದುರಿನವರ ಮಾತು ಮುಗಿಯುವ ಮೊದಲೇ ಜಗಳ ಆರಂಭಿಸುತ್ತಿದ್ದಳು. "ಮದ್ದು ಹಿಡೀಬೇಕು, ತಡ ಆಗುತ್ತೆ" ಎಂದು ಅತ್ತೆ ಸಮಾಧಾನ ಹೇಳುತ್ತಿದ್ದರು. ದಿನಾ ತಮಗೆ ಇನ್ಸುಲಿನ್ ಚುಚ್ಚುತ್ತಿದ್ದ ಗೆರೆಯಮ್ಮನ ಕೈಯಿಂದ ಮಾತ್ರ ಆ ಕೆಲಸ ತೆಗೆದು ಹಿರಿಸೊಸೆಗೆ ಕೊಟ್ಟಿದ್ದರು. ಕಣ್ಣು ಮಂಜಾಗಿದ್ದರೂ ನಡುಗುವ ಕೈ ಅವರಿಗೆ ಕಾಣುತ್ತಿತ್ತು.

ಹೌದು, ಕೈ ನಡುಗುತ್ತಿತ್ತು. ಗೆರೆಯಮ್ಮ ಅದನ್ನು ಯಾರಿಗೂ ಹೇಳದೆ, ಜನ್ಮದಲ್ಲಿ ಮುಟ್ಟದ ಆಸರೆಯ ಕೋಲನ್ನು ಮೂಲೆಯಿಂದ ತೆಗೆದು ಒರೆಸಿ ಬಳಸಲು ತೊಡಗಿದ್ದಳು. ಆದರೆ ಲಾರಿ ಕಂಪನಿಯೊಂದರ ಗೇಟಿನ ಬೋರ್ಡಿನಲ್ಲಿ ಗುಟ್ಟು ಬಯಲಾಯಿತು. ಅವರ ಫೋನ್ ನಂಬರಿನ ಕೊನೆಗೆ ಮೂರು ಸೊನ್ನೆ. ಮೂರೂ ಆಲೂಗಡ್ಡೆಯಂತಾದವು. ಒರೆಸಿ ಬರೆದಳು, ಮತ್ತೆ ಹಾಗೇ ಆಯಿತು. ಭಾವ ಬಂದು ಹಿಂದೆ ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

"ಬಿಡಮ್ಮ, ಪ್ಲಾಸ್ಟಿಕ್ ಅಕ್ಷರ ತರಿಸಿ ಅಂಟಿಸಿಬಿಡೋಣ. ಈಗೆಲ್ಲಾ ಅದೇ ನಡೆಯೋದು" ಎಂದು ಅವನು ಅವಳ ಕೈಯಿಂದ ಬ್ರಷ್ ತೆಗೆದುಕೊಂಡ. ಮೆಲ್ಲಗೇ ತೆಗೆದುಕೊಂಡ. ಅದೇ ಅವಳಿಗೆ ಸಹಿಸಲಾಗಲಿಲ್ಲ. "ನಿಂದು ಸಿಟ್ಟು ಜಾಸ್ತಿ ಆಗಿದೆ. ಸಿಟ್ಟು ಕಮ್ಮಿ ಮಾಡ್ಕೊ, ಕೈ ತಾನಾಗೇ ನಿಲ್ಲುತ್ತೆ."

"ಸಿಟ್ಟಿಗೆ ಕೈ ನಡುಗೋ ಹಾಗಿದ್ರೆ ಭಾವ, ಈ ಮನೆಗೆ ಬಂದಾಗಿಂದ ನಾನು ಒಂದು ಗೆರೆನೂ ನೆಟ್ಟಗೆ ಎಳೀತಿರ್ಲಿಲ್ಲ!"

ಅವಳ ಗಂಡ ಬಣ್ಣದ ಡಬ್ಬಿ ಕಲಕುತ್ತ ತಲೆ ತಗ್ಗಿಸಿಯೇ ಇದ್ದ. ಒಳ್ಳೆಯ ಮನುಷ್ಯ, ಆದರೆ ಅಮ್ಮನ ಮುಂದೆ, ಅಣ್ಣನ ಮುಂದೆ ಬಾಯಿಗೆ ಬೀಗ. ಗೆರೆಯಮ್ಮ ಖಾಲಿ ಕೈ ನೋಡಿಕೊಂಡಳು. ಬ್ರಷ್ ಇಲ್ಲದೆಯೂ ಬೆರಳುಗಳು ಅಲುಗಾಡುತ್ತಲೇ ಇದ್ದವು. ಅವಳಿಗೆ ಭಯವಾಯಿತು. ತನ್ನದು ಎಂದು ಹೇಳಿಕೊಳ್ಳಲು ಈ ಮನೆಯಲ್ಲಿ ಇದ್ದದ್ದು ಈ ಒಂದು ಕೈ. ಸೋಪು ಹೋಗಲಿ, ಬಾಚಣಿಗೆ ಹೋಗಲಿ, ಛತ್ರಿಯಂತೂ ಎಂದೂ ಅವಳ ಪಾಲಿಗೆ ಬಂದದ್ದಿಲ್ಲ. ಇದೂ ಹೋದರೆ ಅವಳು ಯಾರು?

ಮರುದಿನ ಬೆಳಿಗ್ಗೆ ಅತ್ತೆ ಕೊಟ್ಟ ಅರ್ಧ ಮಾತ್ರೆಯನ್ನು ನುಂಗಲಿಲ್ಲ. ಕಿಸೆಗೆ ಹಾಕಿಕೊಂಡು, ಹಿನ್ನೆಲೆ ಬಳಿದು ಕಾಯುತ್ತಿದ್ದ ಬೋರ್ಡನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿದಳು. ಮೆಟ್ಟಿಲ ಮೇಲೆ ಕೂತಿದ್ದ ಹಿರಿಸೊಸೆ ಅರೆಗಣ್ಣು ತೆರೆದಳು.

"ಎಲ್ಲಿಗೆ?"

"ಆಸ್ಪತ್ರೆಗೆ. ಯಾರಪ್ಪಣೆನೂ ಕೇಳಿಲ್ಲ."

"ತಡಿ, ನಾನೂ ಬರ್ತೀನಿ" ಎಂದು ಹಿರಿಸೊಸೆ ಗೋಡೆ ಹಿಡಿದು ಎದ್ದಳು. "ಅರ್ಧ ಮಾತ್ರೇಲಿ ನಾನೂ ಅರ್ಧ ಆಗೋಗಿದ್ದೀನಿ."

ಡಾಕ್ಟರಮ್ಮ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. ಒಬ್ಬಳು ಕುರ್ಚಿಯಲ್ಲಿ ಮುದ್ದೆಯಾಗಿ ಕೂತಿದ್ದಾಳೆ, ಇನ್ನೊಬ್ಬಳು ಕುರ್ಚಿ ಸುಡುತ್ತಿದೆಯೇನೋ ಎಂಬಂತೆ ಏಳುತ್ತ ಕೂರುತ್ತ ಇದ್ದಾಳೆ. "ಪೇಷೆಂಟ್ ಯಾರು?" ಎಂದರು. "ನಾನು" ಎಂದರು ಇಬ್ಬರೂ, ಒಬ್ಬಳು ಬೇಗ, ಒಬ್ಬಳು ತಡವಾಗಿ.

ಗೆರೆಯಮ್ಮ ಕಿಸೆಯಿಂದ ಅರ್ಧ ಮಾತ್ರೆ ತೆಗೆದು ಮೇಜಿನ ಮೇಲಿಟ್ಟಳು. ವಿಷಯ ಕೇಳುತ್ತ ಕೇಳುತ್ತ ಡಾಕ್ಟರಮ್ಮನ ಹುಬ್ಬು ಮೇಲಕ್ಕೇರಿತು. ನಾಡಿ ಹಿಡಿದರು, ಕುತ್ತಿಗೆ ಮುಟ್ಟಿ ಉಗುಳು ನುಂಗಲು ಹೇಳಿದರು, ಕೈ ಮುಂದೆ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಎಂದಿತು.

"ಇದನ್ನ ಇವತ್ತೇ ನಿಲ್ಲಿಸಿ" ಎಂದರು. "ಇಬ್ಬರಿಗೂ ಥೈರಾಯ್ಡೇ, ಆದ್ರೆ ಒಂದೇ ಕಾಯಿಲೆ ಅಲ್ಲ. ಇವರ ಗ್ರಂಥಿ ಕೆಲಸ ಮಾಡ್ತಿಲ್ಲ, ಅದಕ್ಕೆ ಹೊರಗಿಂದ ಮಾತ್ರೆ ಕೊಟ್ಟಿರೋದು. ನಿಮ್ಮದು ಅತಿಯಾಗಿ ಕೆಲಸ ಮಾಡ್ತಿದೆ ಅನ್ನಿಸುತ್ತೆ. ಅದಕ್ಕೆ ಇದೇ ಮಾತ್ರೆ ಕೊಟ್ರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಹೃದಯ ಎಷ್ಟು ದಿನ ತಡೀತಿತ್ತು ಅಂದ್ಕೊಂಡಿದ್ದೀರಿ? ಯಾರು ಹೇಳಿದ್ದು ಇದನ್ನ ತಗೊಳ್ಳಿ ಅಂತ?"

ಹಿರಿಸೊಸೆ ನೆಲ ನೋಡಿದಳು. ಅತ್ತೆಯ ಹೆಸರು ಹೇಳುವುದು ಗೆರೆಯಮ್ಮನಿಗೂ ಬೇಡವೆನಿಸಿತು. "ಮನೇಲಿ ಎಲ್ಲಾ ಹಂಚ್ಕೊಳ್ತೀವಿ" ಎಂದಷ್ಟೇ ಹೇಳಿದಳು.

"ಹಂಚ್ಕೊಳ್ಳಿ, ಊಟ ಹಂಚ್ಕೊಳ್ಳಿ, ಕೆಲಸ ಹಂಚ್ಕೊಳ್ಳಿ. ರಕ್ತ ಮಾತ್ರ ಒಬ್ಬೊಬ್ಬರದೂ ಬೇರೆ ಬೇರೆ ಕೊಡಿ" ಎಂದು ಡಾಕ್ಟರಮ್ಮ ಪರೀಕ್ಷೆಗೆ ಕಳಿಸಿದರು. ರಕ್ತ, ಹೃದಯದ ಇಸಿಜಿ, ಆಮೇಲೆ ಕುತ್ತಿಗೆಯ ಸ್ಕ್ಯಾನ್. ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಂದ ಮೇಲೆ ಅವರು ಅಂದುಕೊಂಡದ್ದೇ ಖಚಿತವಾಯಿತು. ಗ್ರಂಥಿಯ ಓಟ ತಗ್ಗಿಸಲು ಒಂದು ಮಾತ್ರೆ, ಎದೆಬಡಿತಕ್ಕೂ ನಡುಕಕ್ಕೂ ಇನ್ನೊಂದು. ಹಿರಿಸೊಸೆಗೆ ಮತ್ತೆ ಅವಳ ಪೂರ್ತಿ ಮಾತ್ರೆ. ಗಂಟಲು ನೋವು, ಜ್ವರ ಬಂದರೆ ಗೆರೆಯಮ್ಮ ಮೊದಲನೇ ಮಾತ್ರೆ ನಿಲ್ಲಿಸಿ ಆ ದಿನವೇ ಬಂದು ರಕ್ತ ಪರೀಕ್ಷೆ ಮಾಡಿಸಬೇಕು ಎಂದೂ ಎಚ್ಚರಿಸಿದರು.

"ಕೈ ಯಾವಾಗ ನಿಲ್ಲುತ್ತೆ?" ಅವಳಿಗೆ ಬೇಕಾಗಿದ್ದದ್ದು ಅದೊಂದೇ.

"ಎರಡನೇ ಮಾತ್ರೆಗೆ ಸ್ವಲ್ಪ ಬೇಗ ಕಮ್ಮಿ ಆಗುತ್ತೆ. ಪೂರ್ತಿ ಹತೋಟಿಗೆ ಬರೋಕೆ ವಾರಗಳು, ತಿಂಗಳುಗಳು ಬೇಕು. ಮಧ್ಯ ಯಾರ ಮಾತೂ ಕೇಳಿ ಬಿಡಬೇಡಿ."

"ಯಾರ ಮಾತೂ ಕೇಳಲ್ಲ" ಎಂದಳು ಗೆರೆಯಮ್ಮ. ಅದು ಅವಳಿಗೆ ಹೊಸದೇನೂ ಅಲ್ಲ. ಆದರೆ ಡಾಕ್ಟರ ಅಪ್ಪಣೆಯೊಂದಿಗೆ ಕೇಳದಿರುವುದು ಇದೇ ಮೊದಲು.

ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಗೆರೆಯಮ್ಮ ಕೂರಲಿಲ್ಲ. ಔಷಧಿಯ ಪೊಟ್ಟಣ ಎದೆಗವಚಿಕೊಂಡು ನಿಂತೇ ಹೇಳಿದಳು, ನಡುಕ ಕೈಯಿಂದ ದನಿಗೂ ಏರಿತ್ತು. "ಇವತ್ತಿಂದ ನನ್ನ ಮಾತ್ರೆ ನಂದು, ಅಕ್ಕಂದು ಅಕ್ಕಂದು. ನಂದು ಡಬ್ಬಿಗೆ ಹೋಗಲ್ಲ, ಚಾಕು ಮುಟ್ಟೋ ಹಾಗಿಲ್ಲ. ನನ್ನ ಕಾಯಿಲೆ ಬೇರೆ, ಅಕ್ಕನ ಕಾಯಿಲೆ ಬೇರೆ. ಆ ಅರ್ಧ ಮಾತ್ರೆ ನಂಗೆ ವಿಷ ಆಗಿತ್ತಂತೆ."

ಕೊನೆಯ ಮಾತು ಬೇಕಿರಲಿಲ್ಲ. ನಿಜವಾಗಿದ್ದರೂ ಬೇಕಿರಲಿಲ್ಲ ಎಂದು ಬಾಯಿಂದ ಹೊರಟ ಮೇಲೆ ಅವಳಿಗೇ ಅನ್ನಿಸಿತು. ಅತ್ತೆ ತಟ್ಟೆಯನ್ನು ಮುಂದಕ್ಕೆ ದೂಡಿದರು.

"ಅಂದ್ರೆ ನಾನು ವಿಷ ಹಾಕ್ದೆ."

"ಹಾಗಂದಿಲ್ಲ ಅತ್ತೆ. ಗೊತ್ತಿಲ್ದೆ ಕೊಟ್ರಿ. ಆದ್ರೆ ಕೊಟ್ಟಿದ್ದು ತಪ್ಪು."

"ಈ ಮನೇಲಿ ಹಂಚಿ ತಿಂದವರ್ಯಾರೂ ಕೆಟ್ಟಿಲ್ಲ!" ಎಂದರು ಅತ್ತೆ. "ನನ್ನ ಕೈ ವಿಷದ ಕೈ ಆದ್ರೆ ಇನ್ಮೇಲೆ ನಂಗೂ ಯಾರೂ ಮದ್ದು ಕೊಡಬೇಡಿ. ಯಾರ ಕೈ ಮದ್ದೂ ನಂಗೆ ಬೇಡ."

ಗಂಡ ಅವಳ ಬಳಿ ಬಂದು ಪಿಸುಗುಟ್ಟಿದ, "ಒಂದ್ಮಾತು ತಪ್ಪಾಯ್ತು ಅನ್ನು, ಮುಗಿದೋಗುತ್ತೆ."

"ರೀ, ತಪ್ಪಾಗಿದ್ರೆ ಅಂತಿದ್ದೆ. ಆಗಿಲ್ಲ."

ಅತ್ತೆ ಮಾತಿಗೆ ತಪ್ಪುವವರಲ್ಲ. ಆ ಸಂಜೆ ಇನ್ಸುಲಿನ್ ಬೇಡವೆಂದರು. ಮರುದಿನವೂ ಬೇಡ. ಹಿರಿಸೊಸೆ ಇನ್ಸುಲಿನ್ ಪೆನ್ನು ಹಿಡಿದು ಬಂದರೆ ಗೋಡೆ ಕಡೆ ತಿರುಗಿ ಮಲಗಿದರು. ಹಿರಿಮಗ ಗದರಿಸಿ ನೋಡಿದ, ಕಿರಿಮಗ ಅತ್ತು ನೋಡಿದ. ಅವರ ಬಾಯಿ ಒಣಗುತ್ತಿತ್ತು, ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು, ಮತ್ತೆ ಮತ್ತೆ ಎದ್ದು ಬಚ್ಚಲಿಗೆ ಹೋಗುತ್ತಿದ್ದರು. ಅಣ್ಣತಮ್ಮ ಇಬ್ಬರೂ ಈಗ ಗೆರೆಯಮ್ಮನನ್ನೇ ನೋಡತೊಡಗಿದರು. ಒಂದು ಕ್ಷಮೆಯ ಮಾತಿಗೆ ಹೋಗಿ ಮುದುಕಿಯ ಜೀವ ತೆಗೆಯುತ್ತೀಯಾ ಎಂದು ಬಾಯಿಬಿಟ್ಟು ಕೇಳಲಿಲ್ಲ ಅಷ್ಟೇ.

ಮೂರನೆಯ ಬೆಳಿಗ್ಗೆ ಗೆರೆಯಮ್ಮ ತನ್ನ ಎರಡು ಮಾತ್ರೆ ನುಂಗಿದಳು. ಸಕ್ಕರೆ ನೋಡುವ ಮೀಟರು, ಇನ್ಸುಲಿನ್ ಪೆನ್ನು ತೆಗೆದುಕೊಂಡು ಅತ್ತೆಯ ಕೋಣೆಗೆ ಹೋದಳು. ಉಳಿದವರೆಲ್ಲ ಬಾಗಿಲಲ್ಲಿ ನೆರೆದರು.

ಕೇಳದೆಯೇ ಅತ್ತೆಯ ಬೆರಳು ಹಿಡಿದು ಚುಚ್ಚಿದಳು. ಅತ್ತೆಗೆ ಕೈ ಎಳೆದುಕೊಳ್ಳುವ ತ್ರಾಣವಿರಲಿಲ್ಲ. ಮೀಟರಿನಲ್ಲಿ ಬಂದ ಅಂಕಿಯನ್ನು ಗೆರೆಯಮ್ಮ ಗಟ್ಟಿಯಾಗಿ ಓದಿದಳು. ನಾನೂರರ ಹತ್ತಿರ ಇತ್ತು.

"ನನ್ನ ಮೇಲೆ ಸಿಟ್ಟಿದ್ರೆ ಬೈರಿ, ಹೊಡೀರಿ, ಮಾತು ಬಿಡಿ" ಎಂದಳು. "ಸಕ್ಕರೆಗೆ ಇದ್ಯಾವ್ದೂ ಗೊತ್ತಾಗಲ್ಲ. ಇವತ್ತು ಚುಚ್ಚಿಸ್ಕೊಂಡು ಆಸ್ಪತ್ರೆಗೂ ಬರ್ಬೇಕು ನೀವು."

ಅತ್ತೆ ಗೋಡೆಯನ್ನೇ ನೋಡುತ್ತ ಮಾತಾಡಿದರು. ದನಿ ಒಣಗಿತ್ತು. "ನಿಮ್ಮ ಮಾವಂಗೂ ಇದೇ ಇತ್ತು. ಹೀಗೇ ಬಾಯಾರಿಕೆ, ಹೀಗೇ ಸುಸ್ತು. ಪರೀಕ್ಷೆ ಮಾಡಿಸ್ಕೊಳ್ಳಿ ಅಂದ್ರೆ ಒಂದು ದಿನದ ಕೆಲಸ ಹೋಗುತ್ತೆ ಅಂದ್ರು. ನಿಂಗೆ ಬಂದಿದ್ದೇ ನಂಗೂ ಬಂದಿರೋದು, ನಿಂದ್ರಲ್ಲೇ ಕೊಡು ಅಂದ್ರು. ಚಾಕು ತಗೊಂಡು ಅರ್ಧ ಮಾಡ್ದೆ. ವರ್ಷಗಟ್ಟಲೆ ಅರ್ಧ ಮಾಡ್ದೆ. ಕಾಲಲ್ಲಿ ಒಂದು ಗಾಯ ಆಯ್ತು, ಮಾಯಲೇ ಇಲ್ಲ." ಬಾಗಿಲಲ್ಲಿ ಇಬ್ಬರು ಗಂಡುಮಕ್ಕಳು ನಿಂತಿದ್ದರು. ಅವರಿಗೂ ಇದು ಗೊತ್ತಿರಲಿಲ್ಲ. "ಹಂಚಿದ್ದು ತಪ್ಪು ಅಂತ ನೀನಂತೀಯ. ಹಾಗಾದ್ರೆ ಹೇಳು. ಅವ್ರಿಗೆ ಅವ್ರದ್ದೇ ಡಾಕ್ಟ್ರು, ಅವ್ರದ್ದೇ ಮಾತ್ರೆ ಇದ್ದಿದ್ರೆ ಉಳೀತಿದ್ರಾ?"

ಇಲ್ಲ ಎನ್ನು, ಎಂದು ಗಂಡ ಬಾಗಿಲಿಂದ ಕಣ್ಣಲ್ಲೇ ಬೇಡಿಕೊಂಡ. ಭಾವನೂ ಹಾಗೇ ನೋಡಿದ. ಒಂದು ಚಿಕ್ಕ ಸುಳ್ಳು, ಮನೆ ಮತ್ತೆ ಮೊದಲಿನಂತಾಗುತ್ತಿತ್ತು. ಗೆರೆಯಮ್ಮನಿಗೆ ಅತ್ತೆಯ ಮೇಲೆ ಎಂದೂ ಬರದಷ್ಟು ಮರುಕ ಬಂತು. ಆದರೂ ಸುಳ್ಳು ಬಾಯಿಗೆ ಬರಲಿಲ್ಲ. ಈ ಸುಳ್ಳನ್ನು ಹೇಳಿದರೆ ನಾಳೆ ಮತ್ತೆ ಚಾಕು ಹೊರಬರುತ್ತದೆ.

"ಉಳೀತಿದ್ರೇನೋ ಅತ್ತೆ" ಎಂದಳು. "ಖಂಡಿತ ಅಂತ ಹೇಳಕ್ಕಾಗಲ್ಲ. ಆದ್ರೆ ಉಳೀತಿದ್ರೇನೋ."

ಹಿರಿಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆಯ ಭುಜ ಅಲುಗಿತು. ಅವರು ಅಳುತ್ತಿದ್ದರು, ಸದ್ದಿಲ್ಲದೆ, ಎಷ್ಟೋ ವರ್ಷದ ಹಿಂದೆ ಅಳಬೇಕಾಗಿದ್ದದ್ದನ್ನು ಈಗ ಅಳುವವರ ಹಾಗೆ. ಗೆರೆಯಮ್ಮ ಮಂಚದ ಅಂಚಿನಲ್ಲಿ ಕೂತು ಅವರ ಕಾಲು ಹಿಡಿದುಕೊಂಡಳು, ಆಡಿದ ಮಾತಿನಿಂದ ಮಾತ್ರ ಹಿಂದೆ ಸರಿಯಲಿಲ್ಲ.

"ಆವತ್ತು ನಿಮಗೆ ಕಂಡಿದ್ದು ಅದೊಂದೇ ದಾರಿ. ನಿಮ್ಮ ಬಾಯಿಂದ ತೆಗೆದು ಅವ್ರಿಗೆ ಕೊಟ್ರಿ. ಅದನ್ನ ಬೈಯೋಕೆ ನಾನ್ಯಾರು? ಆದ್ರೆ ಅದು ಸರಿ ಇತ್ತು ಅಂತ ತೋರಿಸೋದಕ್ಕೆ ನಾನು ಸಾಯಲ್ಲ ಅತ್ತೆ. ನೀವೂ ಸಾಯೋ ಹಾಗಿಲ್ಲ."

ಆಮೇಲೆ ಅತ್ತೆ ಗೋಡೆಯಿಂದ ಈ ಕಡೆ ಹೊರಳಿ, ಮುಖ ಒರೆಸಿಕೊಂಡು, ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದರು. ಹಿರಿಸೊಸೆ ಪೆನ್ನಿಗಾಗಿ ಕೈ ಚಾಚಿ ಮುಂದೆ ಬಂದಳು. ಅತ್ತೆ ಅವಳನ್ನು ತಡೆದರು.

"ಅವಳೇ ಚುಚ್ಚಲಿ."

"ಕೈ ಇನ್ನೂ ನಡುಗ್ತಿದೆ ಅತ್ತೆ. ನೋವಾಗುತ್ತೆ."

"ಗೊತ್ತು ಕಣೆ, ಕುರುಡಿ ಅಲ್ಲ ನಾನು."

ಗೆರೆಯಮ್ಮ ಪೆನ್ನಿನ ತಿರುಪು ತಿರುಗಿಸಿ ಅಳತೆಯನ್ನು ಎರಡು ಸಲ ನೋಡಿಕೊಂಡಳು. ಆಮೇಲೆ ಒಂದು ಕೈಯನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದುಕೊಂಡು ಬಗ್ಗಿದಳು. ನಡುಕ ನಿಲ್ಲಲಿಲ್ಲ. ಅದು ನಿಲ್ಲಲಿ ಎಂದು ಅವಳು ಕಾಯಲೂ ಇಲ್ಲ. ಸೂಜಿ ಒಳಗೆ ಹೋಯಿತು. ಅತ್ತೆ "ಅಯ್ಯಮ್ಮಾ, ಗೂಟ ಹೊಡೀತಿದ್ದೀಯೇನೇ!" ಎಂದು ಕೂಗಿದರು. ಔಷಧಿ ಪೂರ್ತಿ ಇಳಿಯುವ ತನಕ ಹೊಟ್ಟೆ ಬಿಗಿಹಿಡಿದು ಮಲಗಿದ್ದರು, ಒಂದಿಷ್ಟೂ ಕದಲಲಿಲ್ಲ. ಸೂಜಿ ಹೊರಬಂದ ಮೇಲೆ ಸೊಸೆಯ ಅಲುಗಾಡುವ ಕೈಯನ್ನು ತಮ್ಮ ಒಣ ಕೈಯಲ್ಲಿ ಹಿಡಿದುಕೊಂಡರು.

"ನಾಳೆನೂ ನೀನೇ ಬಾ" ಎಂದರು.